ಕಲ್ಲು, ಕೆಸರು, ಮರಳು, ಹುಲ್ಲು: ಎಲ್ಲಾ ಕಡೆ ಓಡಿಸೋಕೆ ಆರ್‌ಸಿ ಟ್ರಕ್ ಆರಿಸೋದು ಹೇಗೆ

ಒಳ್ಳೆ ಆರ್‌ಸಿ ಟ್ರಕ್, ಅಂದ್ರೆ ರಿಮೋಟಲ್ಲಿ ಓಡಿಸೋ ಟ್ರಕ್, ತಗೋಬೇಕು ಅನ್ನೋರೆಲ್ಲ ಮೊದಲು ಕೇಳೋದು ಸ್ಪೀಡ್ ಎಷ್ಟು ಅಂತ. ನಾನು ವಾಪಸ್ ಕೇಳೋದು ಒಂದೇ, ಓಡಿಸೋದು ಎಲ್ಲಿ? ಮನೆಯಿಂದ ನಡ್ಕೊಂಡು ಹೋಗೋಷ್ಟು ದೂರದಲ್ಲಿ ಏನಿದೆ, ಖಾಲಿ ಸೈಟಾ, ಕೆರೆ ಏರಿನಾ, ಸ್ಕೂಲ್ ಗ್ರೌಂಡಾ, ತೋಟನಾ, ಬೀಚಾ? ಯಾಕಂದ್ರೆ ಸಂಜೆ ಕೆಲಸ ಮುಗಿಸಿ ಅರ್ಧ ಗಂಟೆ ಸಿಕ್ಕಿದಾಗ ಹೋಗೋದು ಅಲ್ಲಿಗೇನೇ, ವಿಡಿಯೋದಲ್ಲಿ ನೋಡಿದ ಸ್ಕೇಟ್ ಪಾರ್ಕಿಗಲ್ಲ. ನಮ್ಮ ಕಡೆ ಒಂದೇ ಥರದ ನೆಲ ಸಿಗೋದೂ ಕಮ್ಮಿ, ಬೆಂಗಳೂರಿನ ಒಂದು ಹೊಸ ಲೇಔಟ್ ತಗೊಳ್ಳಿ, ಅದರೊಳಗೇ ಟಾರು, ಜಲ್ಲಿ, ಎಂ-ಸ್ಯಾಂಡ್ ರಾಶಿ, ಮೊಣಕಾಲೆತ್ತರ ಹುಲ್ಲು, ಮಳೆ ಬಂದ್ರೆ ಕೆಸರು, ಎಲ್ಲಾ ಇರತ್ತೆ. ಹಾಗಾಗಿ ಎಲ್ಲಾ ಕಡೆ ಓಡೋ ಟ್ರಕ್ ಬೇಕು ಅನ್ನೋದು ಸರಿಯಾದ ಆಸೆನೇ. ಆದ್ರೆ ಎಲ್ಲಾ ನೆಲದಲ್ಲೂ ಒಂದೇ ಸಮ ಚೆನ್ನಾಗಿ ಓಡೋ ಟ್ರಕ್ ಅಂತ ಒಂದಿಲ್ಲ. ಹತ್ತರಲ್ಲಿ ಏಳು ಸಲ ಎಲ್ಲಿ ಓಡಿಸ್ತೀರೋ ಆ ನೆಲಕ್ಕೆ ಟ್ರಕ್ ಆರಿಸಿ, ಉಳಿದ ಮೂರು ಸಲಕ್ಕೆ ಟಯರು, ಪಿನಿಯನ್ (ಮೋಟರಿನ ತುದೀಲಿರೋ ಸಣ್ಣ ಗೇರು) ಬದಲಾಯಿಸ್ಕೊಂಡು ಹೊಂದಿಸಿ.

ಹಾಬಿ ಗ್ರೇಡ್ ಅಂದ್ರೆ ಏನು ಅನ್ನೋದನ್ನ ಮೊದಲು ಕ್ಲಿಯರ್ ಮಾಡ್ಕೊಳ್ಳೋಣ, ಯಾಕಂದ್ರೆ ಆನ್‌ಲೈನ್ ಅಂಗಡಿಗಳಲ್ಲಿ ಆಟಿಕೆ ಕಾರಿಗೂ ಇದೇ ಹೆಸರು ಹಾಕಿ ಮಾರ್ತಾರೆ. ಟ್ರಿಗರ್ ಎಷ್ಟು ಒತ್ತಿದ್ರೋ ಅಷ್ಟೇ ಓಡಬೇಕು, ಸ್ಟೀರಿಂಗ್ ಎಷ್ಟು ತಿರುಗಿಸಿದ್ರೋ ಅಷ್ಟೇ ತಿರುಗಬೇಕು, ಮತ್ತೆ ಮುರಿದ ಪ್ರತಿಯೊಂದು ಪಾರ್ಟೂ ಬಿಡಿಯಾಗಿ ಸಿಗಬೇಕು. ಈ ಮೂರನೇದೇ ಮುಖ್ಯ. ಜಪಾನಿನ ತಮಿಯಾ ಕಂಪನಿ 1980ರ ದಶಕದಲ್ಲಿ ವೈಲ್ಡ್ ವಿಲ್ಲಿ, ಗ್ರಾಸ್‌ಹಾಪರ್, ಲಂಚ್ ಬಾಕ್ಸ್ ಥರದವನ್ನ ಬಿಡಿ ಭಾಗಗಳ ಕಿಟ್ ಆಗಿ ಕೊಡ್ತಿತ್ತು, ತಗೊಂಡವರೇ ಕೂತು ಜೋಡಿಸ್ಕೋಬೇಕಿತ್ತು, ಹಾಗಾಗಿ ಅವರಿಗೆ ಒಳಗೆ ಏನಿದೆ ಅಂತ ಪೂರ್ತಿ ಗೊತ್ತಿರ್ತಿತ್ತು. ಈಗ ಹೆಚ್ಚಿನವು ರೆಡಿ-ಟು-ರನ್, ಡಬ್ಬ ಬಿಚ್ಚಿ ಓಡಿಸೋದೇ, ಅದಕ್ಕೇ ತಗೊಳ್ಳೋ ಮೊದಲು ಒಳಗಿನ ಫೋಟೋ ನೋಡಿ. ಒಂದು ಸುಲಭದ ಗುರುತು ಹೇಳ್ತೀನಿ: ಸ್ಟೀರಿಂಗ್ ಸರ್ವೋದಿಂದ, ಅಂದ್ರೆ ಮುಂದಿನ ಚಕ್ರ ತಿರುಗಿಸೋ ಸಣ್ಣ ಮೋಟರಿಂದ, 3 ವೈರ್ ಬಂದ್ರೆ ಅದು ಸ್ಟ್ಯಾಂಡರ್ಡ್ ಸರ್ವೋ, ಹಾಳಾದ್ರೆ ಯಾವ ಕಂಪನಿದಾದ್ರೂ ಹಾಕ್ಬಹುದು. 5 ವೈರ್ ಬಂದ್ರೆ ಅದು ಆ ಬೋರ್ಡಿಗೆ ಮಾತ್ರ ಕೂರೋದು. ಅಗ್ಗದ ಟ್ರಕ್‌ಗಳಲ್ಲಿ ರಿಸೀವರು (ರಿಮೋಟಿನ ಸಿಗ್ನಲ್ ಹಿಡಿಯೋ ಪಾರ್ಟು), ಇಎಸ್‌ಸಿ ಎರಡೂ ಒಂದೇ ಬೋರ್ಡಲ್ಲಿ ಇರತ್ತೆ, ಇಎಸ್‌ಸಿ ಅಂದ್ರೆ ಬ್ಯಾಟರಿಯಿಂದ ಮೋಟರಿಗೆ ಎಷ್ಟು ಕರೆಂಟ್ ಹೋಗ್ಬೇಕು ಅಂತ ನೋಡ್ಕೊಳ್ಳೋ ಪಾರ್ಟು, ಒಂದು ಸುಟ್ರೆ ಇನ್ನೊಂದೂ ಹೋಯ್ತು ಅಂತಲೇ ಲೆಕ್ಕ. ಅಂಥವು ಬೇಡವೇ ಬೇಡ ಅಂತ ಹೇಳಲ್ಲ, 1/12, 1/14 ಸೈಜಲ್ಲಿ ಡಬ್ಲ್ಯುಎಲ್ ಟಾಯ್ಸ್ ಥರದವನ್ನ ಹಿಡಿದು ಶುರು ಮಾಡಿದವರು ಬೇಕಾದಷ್ಟು ಜನ ಇದಾರೆ, ಆದ್ರೆ ಏನು ತಗೊಳ್ತಿದೀವಿ ಅಂತ ಗೊತ್ತಿದ್ದು ತಗೊಳ್ಳಿ.

ಈಗ ಸೈಜು. 1/10 ಸ್ಕೇಲ್ ಅಂದ್ರೆ ನಿಜವಾದ ಗಾಡಿಯ ಹತ್ತನೇ ಒಂದು ಭಾಗ, ಇದು ಎಲ್ಲರಿಗೂ ಗೊತ್ತು, ಆದ್ರೆ ಇದನ್ನ ನೆಲದ ಕಡೆಯಿಂದ ನೋಡಿ. ರಸ್ತೆ ಬದಿಯಲ್ಲಿ ಬಿದ್ದಿರೋ ಎರಡೂವರೆ ಸೆಂಟಿಮೀಟರ್ ಜಲ್ಲಿಕಲ್ಲು 1/10 ಟ್ರಕ್ಕಿಗೆ 25 ಸೆಂಟಿಮೀಟರ್ ಬಂಡೆ, ಅದೇ ಕಲ್ಲು 1/24 ಟ್ರಕ್ಕಿಗೆ 60 ಸೆಂಟಿಮೀಟರ್ ಬಂಡೆ. ಸಣ್ಣ ಟ್ರಕ್ ಜಲ್ಲಿ ಮೇಲೆ ಯಾಕೆ ಹಾಗೆ ಎಗರಾಡತ್ತೆ, ಗರಿಕೆ ಹುಲ್ಲಲ್ಲಿ ಯಾಕೆ ಸಿಕ್ಕಾಕೊಳ್ಳತ್ತೆ ಅನ್ನೋದಕ್ಕೆ ಉತ್ತರ ಇಷ್ಟೇ. ಟೆರೇಸು, ಬಾಲ್ಕನಿ ಪಾಟುಗಳ ಮಧ್ಯೆ, ಮನೆ ಮುಂದಿನ ಕಲ್ಲುಗಳ ಮೇಲೆ ಹತ್ತಿಸೋಕೆ ಆಕ್ಸಿಯಲ್ ಎಸ್‌ಸಿಎಕ್ಸ್24, ಟ್ರಾಕ್ಸಾಸ್ ಟಿಆರ್‌ಎಕ್ಸ್-4ಎಂ ಥರದ ಸಣ್ಣವು ತುಂಬಾ ಚೆನ್ನಾಗಿವೆ, ಮಳೆಗಾಲದಲ್ಲಿ ಮನೆಯೊಳಗೆ ನಾಲ್ಕು ಪುಸ್ತಕ ಜೋಡಿಸಿ ಹತ್ತಿಸ್ತಾ ಕೂತ್ರೆ ಹೊತ್ತು ಹೋಗಿದ್ದೇ ತಿಳಿಯಲ್ಲ. ಆದ್ರೆ ಹೊರಗೆ ಬೇರೆ ಬೇರೆ ನೆಲ ಅಂದ್ರೆ 1/10 ಇಂದ ಕೆಳಗೆ ಇಳಿಬೇಡಿ. ಮೇಲೆ 1/8ಕ್ಕೆ ಹೋಗ್ಬಹುದು, ಹುಲ್ಲು ಗುಂಡಿ ಏನನ್ನೂ ಲೆಕ್ಕಕ್ಕೆ ತಗೊಳ್ಳಲ್ಲ ಅವು, ಆದ್ರೆ ಬ್ಯಾಟರಿ, ಟಯರು, ಪ್ರತಿ ಪಾರ್ಟಿನ ರೇಟೂ ಏರತ್ತೆ. ಜೊತೆಗೆ ನಾಲ್ಕೈದು ಕೆಜಿ ತೂಕದ ಗಾಡಿ 60 ಕಿಲೋಮೀಟರ್ ಸ್ಪೀಡಲ್ಲಿ ಮಗು ಕಾಲಿಗೋ ನಾಯಿಗೋ ಬಡಿದ್ರೆ ಮೂಳೆ ಮುರಿಯತ್ತೆ, ಇದು ಉತ್ಪ್ರೇಕ್ಷೆ ಅಲ್ಲ. ಜನ ಓಡಾಡೋ ಜಾಗ ಬಿಟ್ರೆ ಬೇರೆ ಜಾಗ ಇಲ್ಲ ಅನ್ನೋರು 1/8 ತಗೊಳ್ಳಲೇಬೇಡಿ.

ಟ್ರಕ್‌ಗಳಲ್ಲಿ ನಮಗೆ ಬೇಕಾಗಿರೋ ಜಾತಿ ಮೂರು. ಶಾರ್ಟ್ ಕೋರ್ಸ್ ಟ್ರಕ್, ಮಾನ್ಸ್ಟರ್ ಟ್ರಕ್, ಕ್ರಾಲರ್.

ಶಾರ್ಟ್ ಕೋರ್ಸ್ ಅಂದ್ರೆ 2008ರಲ್ಲಿ ಬಂದ ಟ್ರಾಕ್ಸಾಸ್ ಸ್ಲ್ಯಾಶ್ ನೆನಪಿಗೆ ಬರತ್ತೆ, ನೋಡೋಕೆ ನಿಜವಾದ ರೇಸ್ ಟ್ರಕ್ ಥರಾನೇ ಇದೆ, ಅಗಲ ಬಂಪರು, ಟಯರುಗಳನ್ನ ಮುಚ್ಚೋ ದೊಡ್ಡ ಬಾಡಿ. ಗಟ್ಟಿ ಮಣ್ಣಿನ ಗ್ರೌಂಡಲ್ಲಿ, ಟಾರಲ್ಲಿ, ಒಣಗಿದ ಕೆರೆ ಅಂಗಳದಲ್ಲಿ ಇದರಷ್ಟು ಮಜಾ ಬೇರೆ ಇಲ್ಲ. ಆದ್ರೆ ನೆಲಕ್ಕೆ ಹತ್ತಿರ ಇರೋದ್ರಿಂದ ಹುಲ್ಲು, ಕಲ್ಲಿನ ಜಾಗದಲ್ಲಿ ಹೊಟ್ಟೆ ತಾಗತ್ತೆ, ಜಂಪ್ ಮಾಡಿದ್ರೆ ಆ ದೊಡ್ಡ ಬಾಡಿ ಕೆಳಗೆ ಗಾಳಿ ತುಂಬ್ಕೊಂಡು ಬಿರುಗಾಳಿಗೆ ಕೊಡೆ ಎತ್ತಿದ ಹಾಗೆ ಮೂತಿ ಮೇಲಕ್ಕೆ ಹೋಗತ್ತೆ. ಬಾಡಿಯ ಹಿಂಭಾಗದಲ್ಲಿ ದೊಡ್ಡ ತೂತು ಕತ್ತರಿಸಿದ್ರೆ ಇದು ಸುಮಾರು ಕಮ್ಮಿ ಆಗತ್ತೆ.

ಮಾನ್ಸ್ಟರ್ ಟ್ರಕ್ ಅಂದ್ರೆ ದಪ್ಪ ಟಯರು, ಎತ್ತರದ ಚಾಸಿ, ಉದ್ದ ಓಡಾಡೋ ಸಸ್ಪೆನ್ಷನ್. ನನ್ನನ್ನ ಕೇಳಿದ್ರೆ ನಮ್ಮ ಕಡೆ ಹೊಸದಾಗಿ ಶುರು ಮಾಡೋ ಹತ್ತು ಜನರಲ್ಲಿ ಎಂಟು ಜನಕ್ಕೆ 1/10 ಫೋರ್ ವೀಲ್ ಡ್ರೈವ್ ಮಾನ್ಸ್ಟರ್ ಟ್ರಕ್ಕೇ ಸರಿ, ಅರ್ಮಾ ಗ್ರಾನೈಟ್ 4x4, ಟ್ರಾಕ್ಸಾಸ್ ಸ್ಟ್ಯಾಂಪೀಡ್ 4x4 ಆ ಥರದ್ದು. ಹುಲ್ಲಲ್ಲಿ ಓಡತ್ತೆ, ಜಲ್ಲಿ ಮೇಲೆ ಓಡತ್ತೆ, ರಾಗಿ ಕಟಾವಾದ ಮೇಲಿನ ಕೂಳೆಯಲ್ಲಿ ಓಡತ್ತೆ, ಹೊಲದ ಬದು ಹತ್ತಿ ಹಾರತ್ತೆ. ಇದರ ತೊಂದರೆ ಎತ್ತರ, ಗಟ್ಟಿ ನೆಲದಲ್ಲಿ ಸ್ಪೀಡಲ್ಲಿ ತಿರುಗಿಸಿದ್ರೆ ಪಲ್ಟಿ ಹೊಡಿಯತ್ತೆ. ಸ್ಟೀರಿಂಗ್ ಪೂರ್ತಿ ಎಳೆಯೋ ಮೊದಲು ಟ್ರಿಗರ್ ಬಿಡೋ ಅಭ್ಯಾಸ ಕೈಗೆ ಬಂದ್ರೆ ಇದು ದೊಡ್ಡ ಸಮಸ್ಯೆ ಅಲ್ಲ.

ಕ್ರಾಲರ್ ಬೇರೆಯೇ ಪ್ರಪಂಚ. ಓಡೋದು ನಾವು ನಡೆಯೋ ಸ್ಪೀಡಲ್ಲಿ, ಆದ್ರೆ ಮಾನ್ಸ್ಟರ್ ಟ್ರಕ್ ಬಡಿದು ನಿಲ್ಲೋ ಕಲ್ಲನ್ನ ಇದು ಒಂದೊಂದೇ ಟಯರ್ ಇಟ್ಟು ಹತ್ತತ್ತೆ. ರಾಮನಗರ, ಚಿಕ್ಕಬಳ್ಳಾಪುರ ಕಡೆಯ ಬಂಡೆ, ಕರಾವಳಿಯ ಮುರಕಲ್ಲಿನ ಪಾರೆ, ಮಲೆನಾಡಿನ ತೋಟದಲ್ಲಿ ಬೇರು, ತರಗೆಲೆ, ಬಸಿಗಾಲುವೆ ಇರೋ ಜಾಗ, ಇಲ್ಲೆಲ್ಲ ಕ್ರಾಲರ್ ಇದ್ರೇನೇ ಖುಷಿ, ವೇಗದ ಟ್ರಕ್ ತಗೊಂಡು ಹೋದ್ರೆ ಹತ್ತು ಹೆಜ್ಜೆಗೊಮ್ಮೆ ಎತ್ತಿ ನಿಲ್ಲಿಸೋದೇ ಕೆಲಸ. ಆಕ್ಸಿಯಲ್ ಎಸ್‌ಸಿಎಕ್ಸ್10, 2017ರಲ್ಲಿ ಬಂದ ಟ್ರಾಕ್ಸಾಸ್ ಟಿಆರ್‌ಎಕ್ಸ್-4 ಇವೆರಡೂ ಈ ಜಾತಿಯ ದೊಡ್ಡ ಹೆಸರು. ಟಿಆರ್‌ಎಕ್ಸ್-4ರಲ್ಲಿ ಪೋರ್ಟಲ್ ಆಕ್ಸಲ್ ಇದೆ, ಅಂದ್ರೆ ಚಕ್ರದ ಹತ್ತಿರ ಒಂದು ಜೊತೆ ಗೇರ್ ಇಟ್ಟು ಆಕ್ಸಲನ್ನ ಚಕ್ರದ ಮಧ್ಯಕ್ಕಿಂತ ಮೇಲೆ ಕೂರಿಸಿದಾರೆ, ಅದರಿಂದ ಆಕ್ಸಲ್ ಕೆಳಗೆ ಕಲ್ಲಿಗೆ ಜಾಗ ಸಿಗತ್ತೆ, ಜೊತೆಗೆ ಮುಂದಿನ ಹಿಂದಿನ ಡಿಫ್‌ಗಳನ್ನ (ಡಿಫ್ ಅಂದ್ರೆ ಎಡ ಬಲ ಚಕ್ರ ಬೇರೆ ಬೇರೆ ಸ್ಪೀಡಲ್ಲಿ ತಿರುಗೋಕೆ ಬಿಡೋ ಗೇರ್ ಜೋಡಣೆ) ರಿಮೋಟಲ್ಲೇ ಲಾಕ್ ಮಾಡ್ಬಹುದು, ಎರಡು ಗೇರೂ ಇದೆ. ಮಕ್ಕಳ ಜೊತೆ ಕೂತು ಆಡೋರಿಗೂ ನಾನು ಕ್ರಾಲರನ್ನೇ ಹೇಳೋದು, ಯಾರಿಗೂ ಪೆಟ್ಟಾಗಲ್ಲ, ಗಾಡಿಯೂ ಮುರಿಯಲ್ಲ, ಒಂದು ಬ್ಯಾಟರಿಗೆ ಗಂಟೆ ಮೇಲೆ ಓಡತ್ತೆ.

ಈಗ ಒಂದೊಂದು ನೆಲದ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದನ್ನ ಅಂಗಡಿಯವರು ಹೇಳಲ್ಲ.

ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣು ಒಣಗಿದ್ದಾಗ ಆರ್‌ಸಿಗೆ ತುಂಬಾ ಒಳ್ಳೇದು, ಹಿಡಿತ ಇದೆ, ಜಾರೋದೂ ಹದವಾಗಿ ಜಾರತ್ತೆ. ಆದ್ರೆ ನುಣ್ಣನೆ ಧೂಳು ಬೇರಿಂಗ್ ಒಳಗೆ ಹೋಗತ್ತೆ, ಶಾಕ್ ರಾಡ್‌ಗಳನ್ನ ತಿನ್ನತ್ತೆ, ಓಡಿಸಿದ ಮೇಲೆ ಪೇಂಟ್ ಬ್ರಷ್ ತಗೊಂಡು ಗುಡಿಸಲೇಬೇಕು. ಧಾರವಾಡ, ಗದಗ, ವಿಜಯಪುರ ಕಡೆಯವರಿಗೆ ಎರೆ ಮಣ್ಣಿನ ಕಥೆ ಹೇಳೋದೇ ಬೇಡ, ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಸಣ್ಣ ಟಯರು ಬಿರುಕಿಗೇ ಇಳಿದು ನಿಲ್ಲತ್ತೆ, ದೊಡ್ಡ ಟಯರು ಬೇಕು. ಮಳೆ ಬಿದ್ದ ಮೇಲೆ ಅದೇ ಮಣ್ಣು ಟಯರಿಗೆ, ರಿಮ್ ಒಳಗೆ, ಸಸ್ಪೆನ್ಷನ್ ಆರ್ಮ್ ಸಂದಿಗೆ ಮೆತ್ಕೊಂಡು ನಾಲ್ಕು ರೌಂಡಲ್ಲಿ ಗಾಡಿ ತೂಕ ಏರಿ ಮೋಟರು ಕೈ ಸುಡೋ ಹಾಗೆ ಕಾಯತ್ತೆ, ಆ ಹೊತ್ತಲ್ಲಿ ಓಡಿಸದೇ ಇರೋದೇ ಬುದ್ಧಿವಂತಿಕೆ, ಎರಡು ದಿನ ಬಿಸಿಲು ಬೀಳಲಿ.

ಮುರಕಲ್ಲಿನ ಪುಡಿಗಲ್ಲು, ಜಲ್ಲಿ ಇರೋ ಕಡೆ ಓಡಿಸೋರು ಒಂದು ವಿಷಯ ಖಂಡಿತ ನೋಡಿ, ಸ್ಪರ್ ಗೇರು (ಪಿನಿಯನ್ನಿಂದ ತಿರುಗೋ ದೊಡ್ಡ ಗೇರು), ಪಿನಿಯನ್ ಎರಡೂ ಪೂರ್ತಿ ಮುಚ್ಚಿದ ಡಬ್ಬದೊಳಗೆ ಇದೆಯಾ ಅಂತ. ಕೆಳಗಡೆ ತೆರೆದಿದ್ರೆ ಒಂದೇ ಒಂದು ಕಾಳಿನಷ್ಟು ಕಲ್ಲು ಒಳಗೆ ಹೋದ್ರೂ ಪ್ಲಾಸ್ಟಿಕ್ ಸ್ಪರ್ ಹಲ್ಲು ಉದುರತ್ತೆ. ಮಲ್ಪೆ, ಪಣಂಬೂರು, ಕಾರವಾರದ ಬೀಚಲ್ಲಿ ಓಡಿಸೋ ಆಸೆ ಇದ್ರೆ ಟೂ ವೀಲ್ ಡ್ರೈವ್ ಬೇಡ, ಹಿಂದಿನ ಚಕ್ರ ತನ್ನ ಗುಂಡಿ ತಾನೇ ತೋಡ್ಕೊಂಡು ಕೂರತ್ತೆ. ಮರಳಿಗೆ ಅಂತಲೇ ಅಗಲ ರೆಕ್ಕೆ ಇರೋ ಪ್ಯಾಡಲ್ ಟಯರು ಸಿಗತ್ತೆ, ಹಾಕಿ ನೋಡಿ, ಹಿಂದೆ ಮರಳು ಚಿಮ್ಮೋದನ್ನ ನೋಡೋಕೇ ಒಂದು ಸಂತೋಷ. ಆದ್ರೆ ಉಪ್ಪು ನೀರಿಗೆ ಇಳಿಸಬೇಡಿ. ವಾಟರ್‌ಪ್ರೂಫ್ ಅಂತ ಬರೆದಿರೋದು ಇಎಸ್‌ಸಿ, ಸರ್ವೋ, ರಿಸೀವರ್ ಡಬ್ಬಕ್ಕೆ, ಬೇರಿಂಗಿಗೂ ಸ್ಕ್ರೂಗೂ ಅಲ್ಲ, ಅವು ಒಂದೇ ರಾತ್ರಿಗೆ ತುಕ್ಕು ಹಿಡಿಯೋಕೆ ಶುರು ಆಗತ್ತೆ. ಒದ್ದೆ ಮರಳಲ್ಲಿ ಓಡಿಸಿದ್ರೆ ಅವತ್ತೇ ಸಿಹಿ ನೀರಲ್ಲಿ ತೊಳೆದು, ಒರೆಸಿ, ಗಾಳಿಗೆ ಒಣಗಿಸಿ, ಬೇರಿಂಗಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಇನ್ನೊಂದು, ಟಯರಲ್ಲಿ ಗಾಳಿ ಹೋಗೋಕೆ ತೂತು ಇರತ್ತಲ್ಲ, ಅದರಿಂದ ಒಳಗಿನ ಫೋಮ್ ನೀರು ಕುಡಿಯತ್ತೆ, ಆಮೇಲೆ ಚಕ್ರ ಒಂದು ಕಡೆ ಭಾರ ಆಗಿ ಇಡೀ ಗಾಡಿ ನಡುಗತ್ತೆ, ಅದು ಆರೋವರೆಗೂ ಸ್ಪೀಡಾಗಿ ಓಡಿಸಬೇಡಿ.

ಡಿಫ್ ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಫೋರ್ ವೀಲ್ ಡ್ರೈವ್ ತಗೊಂಡೂ ಗಾಡಿ ಹತ್ತಲ್ಲ ಅಂತಾರೆ. ಸಾಮಾನ್ಯ ಡಿಫ್ ಇದ್ದಾಗ ಒಂದು ಚಕ್ರ ಗಾಳಿಗೆ ಎದ್ರೆ ಶಕ್ತಿಯೆಲ್ಲ ಆ ಗಾಳೀಲಿರೋ ಚಕ್ರಕ್ಕೇ ಹೋಗತ್ತೆ, ನೆಲದಲ್ಲಿರೋದು ಸುಮ್ಮನೆ ನಿಲ್ಲತ್ತೆ. ಅದಕ್ಕೇ ಕ್ರಾಲರ್‌ಗಳಲ್ಲಿ ಡಿಫ್ ಲಾಕ್ ಮಾಡಿರ್ತಾರೆ. ಸ್ಪೀಡ್ ಟ್ರಕ್ಕಲ್ಲಿ ಮುಂದಿನ ಡಿಫ್ ಲಾಕ್ ಮಾಡಿದ್ರೆ ತಿರುಗೋದೇ ಇಲ್ಲ, ಹಾಗಾಗಿ ಅಲ್ಲಿ ಡಿಫ್ ಒಳಗೆ ದಪ್ಪ ಸಿಲಿಕೋನ್ ಆಯಿಲ್ ತುಂಬೋದು ಮಧ್ಯದ ದಾರಿ, ಆಯಿಲ್ ದಪ್ಪ ಇದ್ದಷ್ಟೂ ಲಾಕ್ ಆದ ಹಾಗೆ ನಡ್ಕೊಳ್ಳತ್ತೆ. ತಗೊಳ್ಳೋ ಟ್ರಕ್ಕಿನ ಡಿಫ್ ಬಿಚ್ಚಿ ಆಯಿಲ್ ತುಂಬೋ ಹಾಗೆ ಸೀಲ್ ಆಗಿದೆಯಾ ಅಂತ ಮ್ಯಾನ್ಯುಯಲ್ ನೋಡಿ ತಿಳ್ಕೊಳ್ಳಿ.

ಮೋಟರ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಕ್ರಾಲರ್‌ಗೆ ಬ್ರಷ್ಡ್ (ಒಳಗೆ ಕರೆಂಟ್ ಮುಟ್ಟಿಸೋ ಬ್ರಷ್ ಇರೋ ಮೋಟರ್) ಸಾಕು, ನಿಧಾನಕ್ಕೆ ನಯವಾಗಿ ಹೊರಡತ್ತೆ, ಅಗ್ಗ ಕೂಡ. ಓಡೋ ಟ್ರಕ್ಕಿಗೆ ಬ್ರಷ್‌ಲೆಸ್ ಒಳ್ಳೇದು, ಸವೆಯೋ ಬ್ರಷ್ ಇಲ್ಲ, ಧೂಳು ನೀರು ತಡ್ಕೊಳ್ಳತ್ತೆ. ಕೆವಿ ಅಂತ ಬರೆದಿರೋದು ಒಂದು ವೋಲ್ಟಿಗೆ ಎಷ್ಟು ಸುತ್ತು ಅಂತ, 3300 ಕೆವಿ ಮೋಟರು 7.4 ವೋಲ್ಟಿನ 2ಎಸ್, ಅಂದ್ರೆ ಎರಡು ಸೆಲ್ಲಿನ, ಬ್ಯಾಟರೀಲಿ ನಿಮಿಷಕ್ಕೆ ಸುಮಾರು 24,400 ಸುತ್ತು, 11.1 ವೋಲ್ಟಿನ 3ಎಸ್‌ನಲ್ಲಿ 36,600. ಸ್ಪೀಡ್ ಜೊತೆ ಬಿಸಿಯೂ, ಮುರಿಯೋದೂ ಏರತ್ತೆ, 3ಎಸ್ ತಡ್ಕೊಳ್ಳೋ ಟ್ರಕ್ ತಗೊಂಡು ಮೊದಮೊದಲು 2ಎಸ್‌ನಲ್ಲೇ ಓಡಿಸಿ ಅಂತ ನಾನು ಎಲ್ಲರಿಗೂ ಒತ್ತಿ ಹೇಳ್ತೀನಿ. ಹುಲ್ಲು, ಮರಳಲ್ಲಿ ಓಡಿಸೋ ದಿನ ಒಂದೆರಡು ಹಲ್ಲು ಕಮ್ಮಿ ಇರೋ ಪಿನಿಯನ್ ಹಾಕಿ, ಟಾಪ್ ಸ್ಪೀಡ್ ಸ್ವಲ್ಪ ಇಳಿಯತ್ತೆ, ಮೋಟರ್ ಉಳಿಯತ್ತೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟಿರತ್ತೆ, ಅಲ್ಲಿ ಇದು ಇನ್ನೂ ಮುಖ್ಯ, ಮೋಟರ್ ಮೇಲೆ 80 ಡಿಗ್ರಿ ದಾಟೋಕೆ ಬಿಡಬೇಡಿ, ಅಗ್ಗದ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ಇಟ್ಕೊಳ್ಳಿ.

ಬ್ಯಾಟರಿ ಅಂದ್ರೆ ಈಗ ಲಿಪೋ (ಲಿಥಿಯಂ ಪಾಲಿಮರ್). ಒಂದು ಸೆಲ್ ಫುಲ್ ಆದ್ರೆ 4.2 ವೋಲ್ಟ್, ಎತ್ತಿಡೋವಾಗ 3.8, ಓಡಿಸ್ತಾ 3.3ರ ಹತ್ತಿರ ಬಂದ್ರೆ ನಿಲ್ಲಿಸಬೇಕು. ಇಎಸ್‌ಸಿ ಎನ್‌ಐಎಂಎಚ್ (ಹಳೇ ಥರದ ನಿಕಲ್ ಬ್ಯಾಟರಿ) ಮೋಡಲ್ಲಿ ಬಂದಿರಬಹುದು, ಲಿಪೋ ಮೋಡಿಗೆ ಹಾಕದೇ ಓಡಿಸಿದ್ರೆ ಅದು ಸರಿಯಾದ ಹೊತ್ತಿಗೆ ನಿಲ್ಲಲ್ಲ, ಬ್ಯಾಟರಿ ಸತ್ತೇ ಹೋಗತ್ತೆ. ಬ್ಯಾಲೆನ್ಸ್ ಚಾರ್ಜರ್ (ಎಲ್ಲಾ ಸೆಲ್ಲನ್ನೂ ಒಂದೇ ಸಮ ತುಂಬೋದು) ಕಡ್ಡಾಯ, ಡಬ್ಬದ ಜೊತೆ ಬರೋ ಯುಎಸ್‌ಬಿ ವೈರನ್ನ ನಂಬ್ಕೋಬೇಡಿ. 5000 ಎಂಎಎಚ್ ಬ್ಯಾಟರಿಯನ್ನ 5 ಆಂಪಿಯರಲ್ಲಿ ಚಾರ್ಜ್ ಮಾಡಿ, ಸುಮಾರು ಒಂದು ಗಂಟೆ ಆಗತ್ತೆ, ಆ ಒಂದು ಗಂಟೆ ಪಕ್ಕದಲ್ಲೇ ಇರಿ, ಹಾಕಿ ಮಲಗೋದು, ಹೊರಗೆ ಹೋಗೋದು ಮಾಡಲೇಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲೂ ಬಿಡಬೇಡಿ. ಊದಿರೋ ಬ್ಯಾಟರಿ ಎಷ್ಟೇ ಚೆನ್ನಾಗಿ ಓಡ್ಲಿ, ಅದು ಮುಗೀತು. ಕನೆಕ್ಟರ್ ಒಂದೇ ಥರದ್ದು ಇಟ್ಕೊಳ್ಳಿ, ನಮ್ಮಲ್ಲಿ ಎಕ್ಸ್‌ಟಿ60 ಎಲ್ಲಾ ಕಡೆ ಸಿಗತ್ತೆ.

ಇನ್ನು ನಿಜವಾಗಿ ನಿರ್ಧಾರ ಮಾಡೋ ವಿಷಯ, ಸ್ಪೇರ್ಸ್. ಭಾರತದಲ್ಲಿ ಆಟಿಕೆಗಳ ಮೇಲಿನ ಮೂಲ ಕಸ್ಟಮ್ಸ್ ಡ್ಯೂಟಿ 2020ರ ಫೆಬ್ರವರಿಯಲ್ಲಿ 20 ಇಂದ 60 ಪರ್ಸೆಂಟಿಗೆ ಏರಿತು, 2023ರಲ್ಲಿ 70 ಆಯ್ತು. 2020ರ ನವೆಂಬರಿನಲ್ಲಿ ಅಲಿಎಕ್ಸ್‌ಪ್ರೆಸ್ ಬ್ಯಾನ್ ಆದ ಮೇಲೆ ಚಿಲ್ಲರೆ ಪಾರ್ಟ್ಸ್ ತರಿಸ್ಕೊಳ್ಳೋ ಸುಲಭದ ದಾರಿಯೂ ಮುಚ್ಚಿತು. ಅಮೆರಿಕದಲ್ಲಿ ಇರೋರಿಗೆ ಆರ್ಮ್ ಮುರಿದ್ರೆ ಸಂಜೆ ಹಾಬಿ ಶಾಪಿಗೆ ಹೋಗಿ ತರೋ ವಿಷಯ, ನಮಗೆ ವಾರಗಟ್ಟಲೆ ಕಾಯೋ ವಿಷಯ. ಹಾಗಾಗಿ ಟ್ರಕ್ ಆರಿಸೋ ಮೊದಲೇ ಐದು ಪಾರ್ಟ್ ಹುಡುಕಿ: ಮುಂದಿನ ಸಸ್ಪೆನ್ಷನ್ ಆರ್ಮ್, ಸ್ಪರ್ ಗೇರ್, ಡ್ರೈವ್ ಶಾಫ್ಟ್, ಸ್ಟೀರಿಂಗ್ ನಕಲ್ (ಮುಂದಿನ ಚಕ್ರ ಕೂತು ತಿರುಗೋ ಪಾರ್ಟು), ಡಿಫ್ ಗೇರ್. ಭಾರತದ ಯಾವ್ದಾದ್ರೂ ಅಂಗಡೀಲಿ ಈ ಐದೂ ಸ್ಟಾಕ್ ಇದೆಯಾ? ಇಲ್ಲ ಅಂದ್ರೆ ಆ ಟ್ರಕ್ ಎಷ್ಟೇ ಚೆನ್ನಾಗಿದ್ರೂ ಬಿಟ್ಬಿಡಿ. ಒಂದೇ ಪಾರ್ಟು ಹಲವು ಮಾಡೆಲ್‌ಗೆ ಕೂರೋ ಕುಟುಂಬದ ಟ್ರಕ್ ಸಿಕ್ರೆ ಇನ್ನೂ ಒಳ್ಳೇದು. ಅರ್ಮಾದ 3ಎಸ್ ಸಾಲಿನ ಗ್ರಾನೈಟ್, ಬಿಗ್ ರಾಕ್, ಸೆಂಟನ್ ಇವುಗಳ ಮಧ್ಯೆ, ಟ್ರಾಕ್ಸಾಸಿನ ಟೂ ವೀಲ್ ಡ್ರೈವ್ ಸ್ಲ್ಯಾಶ್, ಸ್ಟ್ಯಾಂಪೀಡ್, ರಸ್ಲರ್ ಮಧ್ಯೆ ಬಹಳ ಪಾರ್ಟ್ಸ್ ಒಂದೇ. ಹೊರಗಿಂದ ಅಕ್ಕನೋ ಕಸಿನ್ನೋ ಬರ್ತಿದ್ರೆ ಪಾರ್ಟ್ಸ್ ತರಿಸ್ಕೊಳ್ಳಿ, ಲಿಪೋ ತರೋದಾದ್ರೆ ಕೈ ಲಗೇಜಲ್ಲೇ ತರಬೇಕು, ತುದಿಗಳಿಗೆ ಟೇಪ್ ಸುತ್ತಿ. 100 ವಾಟ್-ಅವರ್ ಒಳಗಿದ್ರೆ ಸಾಮಾನ್ಯವಾಗಿ ಬಿಡ್ತಾರೆ, 2ಎಸ್ 5000 ಎಂಎಎಚ್ ಅಂದ್ರೆ ಬರೀ 37, ಆದ್ರೂ ಏರ್‌ಲೈನಿನ ರೂಲ್ ಒಂದ್ಸಲ ಓದ್ಕೊಳ್ಳೋಕೆ ಹೇಳಿ.

ಬಜೆಟ್ 30 ಸಾವಿರ ಇದ್ರೆ 20 ಸಾವಿರದ ಟ್ರಕ್ ನೋಡಿ. ಉಳಿದ ದುಡ್ಡು ಚಾರ್ಜರು, ಎರಡು ಬ್ಯಾಟರಿ, ಮೆಟಲ್ ಗೇರ್ ಸರ್ವೋ, 1.5, 2, 2.5 ಮಿಲಿಮೀಟರಿನ ಒಳ್ಳೆ ಹೆಕ್ಸ್ ಡ್ರೈವರ್ ಸೆಟ್, ಒಂದೆರಡು ಆರ್ಮ್‌ಗೆ ಹೋಗತ್ತೆ. ಹೊಳೆಯೋ ಅಲ್ಯೂಮಿನಿಯಂ ಆರ್ಮ್ ಹಾಕೋ ಆಸೆ ಬರತ್ತೆ, ಓಡೋ ಟ್ರಕ್ಕಿಗೆ ಬೇಡ, ನೈಲಾನ್ ಬಗ್ಗಿ ವಾಪಸ್ ಬರತ್ತೆ, ಅಲ್ಯೂಮಿನಿಯಂ ಬಗ್ಗಿದ್ರೆ ಬಗ್ಗಿದ್ದೇ, ಇಲ್ಲಾಂದ್ರೆ ಪೆಟ್ಟನ್ನ ಮುಂದಿನ ಪಾರ್ಟಿಗೆ ದಾಟಿಸತ್ತೆ.

ಸೆಕೆಂಡ್ ಹ್ಯಾಂಡ್ ಸಿಕ್ರೆ ಬಿಡಬೇಡಿ, ಆದ್ರೆ ಕೈಯಲ್ಲಿ ಹಿಡಿದು ನೋಡಿ. ನಾಲ್ಕೂ ಚಕ್ರ ಅಲ್ಲಾಡಿಸಿ, ಜಾಸ್ತಿ ಆಡಿದ್ರೆ ಬೇರಿಂಗ್ ಇಲ್ಲಾ ನಕಲ್ ಹೋಗಿದೆ. ಗಾಡಿ ಎತ್ತಿ ಒಂದು ಚಕ್ರ ನಿಧಾನಕ್ಕೆ ತಿರುಗಿಸಿ, ಕಟಕಟ ಅಂದ್ರೆ ಡಿಫ್ ಗೇರ್ ಹಲ್ಲು ಹೋಗಿದೆ. ಸ್ಕ್ರೂಗಳ ತಲೆ ಉರುಟಾಗಿದ್ರೆ ಒಳಗೆ ರಿಪೇರಿ ಮಾಡೋಕೆ ಹೋದಾಗ ನಿಮಗೆ ಕಷ್ಟ. ಬ್ಯಾಟರಿ ಉಚಿತವಾಗಿ ಕೊಟ್ರೂ ಊದಿದ್ರೆ ಮನೆಗೆ ತರಬೇಡಿ. ಸ್ಟೀರಿಂಗ್ ಮಧ್ಯಕ್ಕೆ ಸರಿಯಾಗಿ ವಾಪಸ್ ಬರದೇ ಇದ್ರೆ ಸರ್ವೋ ಬದಲಾಯಿಸೋ ಖರ್ಚನ್ನ ರೇಟಲ್ಲಿ ಕಳೆಯೋಕೆ ಕೇಳಿ.

ಹೊಸ ಟ್ರಕ್ ಬಂದ ದಿನ ಮೊದಲು ಟ್ರಾನ್ಸ್‌ಮಿಟರ್ ಆನ್, ಆಮೇಲೆ ಗಾಡಿ. ಆಫ್ ಮಾಡೋವಾಗ ಉಲ್ಟಾ, ಗಾಡಿ ಮೊದಲು. ನಾಲ್ಕೂ ಚಕ್ರದ ನಟ್ ಬಿಗಿ ಮಾಡಿ, ಮೋಟರಿನ ಎರಡು ಸ್ಕ್ರೂ ಬಿಗಿ ಇದೆಯಾ ನೋಡಿ, ಪಿನಿಯನ್ ಮತ್ತೆ ಸ್ಪರ್ ಮಧ್ಯೆ ತೆಳು ಕಾಗದದ ಚೂರು ಹಿಡಿಸೋಷ್ಟು ಸಂದು ಇರಬೇಕು. ಚಪ್ಪಟೆ ಮಣ್ಣಿನ ಜಾಗದಲ್ಲಿ ಅರ್ಧ ಟ್ರಿಗರಲ್ಲಿ ಐದು ನಿಮಿಷ ಓಡಿಸಿ, ನಿಲ್ಲಿಸಿ ಮೋಟರ್ ಬಿಸಿ ನೋಡಿ, ಸ್ಕ್ರೂಗಳನ್ನೆಲ್ಲ ಇನ್ನೊಂದ್ಸಲ ಮುಟ್ಟಿ, ಮೆಟಲ್‌ಗೆ ಮೆಟಲ್ ಕೂತಿರೋ ಕಡೆ ಸ್ಕ್ರೂ ಸಡಿಲ ಆಗಿದ್ರೆ ಬಿಚ್ಚಿ ನೀಲಿ ಥ್ರೆಡ್‌ಲಾಕ್ ಒಂದು ಹನಿ ಹಾಕಿ ವಾಪಸ್ ಬಿಗಿ ಮಾಡಿ, ಪ್ಲಾಸ್ಟಿಕ್ಕಿಗೆ ಹೋಗೋ ಸ್ಕ್ರೂಗೆ ಹಾಕ್ಬೇಡಿ. ಅಷ್ಟು ಆದ ಮೇಲೆ ಜಲ್ಲಿ, ಹುಲ್ಲು, ಬದು ಯಾವ ಕಡೆ ಬೇಕಾದ್ರೂ ಬಿಡಿ.